ಹೋಗಲಿ ಬಿಡಿ

ಪಟ್ಟಣದ ಮಧ್ಯಮ ವರ್ಗದ ಸಂಸಾರಗಳಲ್ಲಿ ‘ಹೋಗಲಿ ಬಿಡಿ’ ಎಂಬಷ್ಟು ಬಳಕೆಯಾಗುವ ಮಾತು ಇನ್ನೊಂದಿರಲಾರದು. ಮದುವೆಮನೆಯಲ್ಲಿ ಮುನಿಸಿಕೊಂಡ ನೆಂಟರ ವಿಷಯದಲ್ಲಿ ಅದು ಉದಾರತೆಯ ಮಾತು; ಮಗುವಿನ ಕೈಜಾರಿ ಒಡೆದ ಗಾಜಿನ ಲೋಟದ ವಿಷಯದಲ್ಲಿ ವಾತ್ಸಲ್ಯದ ಮಾತು. ಆದರೆ ಅರ್ಧ ಕಿಲೋ ಎಂದು ಮುದ್ರಿಸಿರುವ ಪೊಟ್ಟಣದಲ್ಲಿ ಬೇಳೆ ಅಷ್ಟಿಲ್ಲದಾಗಲೂ, ಏಳು ದಿನಗಳಲ್ಲಿ ಮುಖದ ಕಾಂತಿಯನ್ನು ಹೆಚ್ಚಿಸುವೆನೆಂದು ಮಾತು ಕೊಟ್ಟ ಲೇಪನದಿಂದ ಏಳು ವಾರಗಳಾದರೂ ಡಬ್ಬಿ ಬರಿದಾದದ್ದಲ್ಲದೆ ಮತ್ತೇನೂ ಆಗದಿದ್ದಾಗಲೂ ಬಾಯಿಂದ ಹೊರಡುವುದು ಅದೇ ಮಾತು. ಎರಡು ರೂಪಾಯಿಗಾಗಿ ಜಗಳಕ್ಕೆ ನಿಲ್ಲುವುದು ಮರ್ಯಾದಸ್ಥರಿಗೆ ಒಪ್ಪುವುದಿಲ್ಲವೆಂಬ ಸಂಕೋಚ, ನಿಂತರೂ ಆಗುವುದೇನೆಂಬ ನಿರಾಶೆ, ಆಫೀಸಿಗೆ ಹೊತ್ತಾಯಿತೆಂಬ ಅವಸರ, ಇವು ಮೂರೂ ಅದರೊಳಗೆ ಕಲೆತಿರುತ್ತವೆ.

ಮೋಸವನ್ನು ಮೊದಲು ಕಂಡುಹಿಡಿಯುವವಳು ಸಾಮಾನ್ಯವಾಗಿ ಮನೆಯ ಗೃಹಿಣಿ. ತಿಂಗಳ ದಿನಸಿ ಬಂದಾಗ ಅದನ್ನು ಡಬ್ಬಗಳಿಗೆ ಸುರಿಯುವವಳು ಆಕೆ. ಎಣ್ಣೆ ಪಾತ್ರೆಯ ಯಾವ ಗೆರೆಯವರೆಗೆ ಬರಬೇಕು, ಅಕ್ಕಿ ಎಷ್ಟು ದಿನ ಸಾಲಬೇಕು, ಸಾಬೂನು ಎಷ್ಟು ಸ್ನಾನಗಳಿಗೆ ಸವೆಯಬೇಕು ಎಂಬುದೆಲ್ಲ ಆಕೆಯ ಕೈಗೇ ತಿಳಿದಿರುತ್ತದೆ. ತಕ್ಕಡಿಯ ಅಗತ್ಯವೇ ಬೀಳುವುದಿಲ್ಲ.

“ಈ ಸಲದ ಎಣ್ಣೆ ಕಡಿಮೆ ಇರೋ ಹಾಗೆ ಕಾಣುತ್ತೆ, ಸ್ವಲ್ಪ ನೋಡಿ” ಎಂದು ಆಕೆ ಕರೆದರೆ, ಪತ್ರಿಕೆಯ ಮರೆಯಿಂದ ಯಜಮಾನರ ಧ್ವನಿ ಬರುತ್ತದೆ: “ನಿನ್ನ ಕಣ್ಣಿಗೆ ಹಾಗೆ ಕಾಣುತ್ತೆ ಅಷ್ಟೆ. ಕಂಪೆನಿಯವರು ಯಂತ್ರದಲ್ಲಿ ತುಂಬುತ್ತಾರೆ ಕಣೆ, ತಪ್ಪು ಹೇಗೆ ಬರುತ್ತೆ?”

“ಎಷ್ಟು ತುಂಬಬೇಕು ಅಂತ ಯಂತ್ರಕ್ಕೆ ಹೇಳಿಕೊಡೋರು ಮನುಷ್ಯರೇ ಅಲ್ಲವೇ?”

ಇದಕ್ಕೆ ಯಜಮಾನರಲ್ಲಿ ಉತ್ತರವಿಲ್ಲ. ಆದುದರಿಂದ, “ಹೋಗಲಿ ಬಿಡು, ಹತ್ತು ರೂಪಾಯಿಗೆ ಯಾರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ?” ಎಂದು ಪುಟ ತಿರುವುತ್ತಾರೆ.

ಯಜಮಾನರ ತರ್ಕದಲ್ಲಿ ದೋಷವಿದೆಯೆಂದು ಹೇಳಲಾಗದು. ಕೋರ್ಟಿನ ವಿಷಯದಲ್ಲಿ ‘ಗೆದ್ದವನು ಸೋತ, ಸೋತವನು ಸತ್ತ’ ಎಂದ ಹಿರಿಯರು ಅನುಭವವಿಲ್ಲದೆ ಹಾಗೆ ಹೇಳಿದವರಲ್ಲ. ಹತ್ತು ರೂಪಾಯಿಯನ್ನು ಹಿಂದಕ್ಕೆ ಪಡೆಯಲು ಆಟೋವಿಗೆ ನೂರು ರೂಪಾಯಿ ತೆತ್ತು, ಒಂದು ದಿನದ ರಜೆಯನ್ನು ಕಳೆದುಕೊಳ್ಳುವುದು ಯಾವ ಸಂಸಾರಸ್ಥನಿಗೂ ಹಿಡಿಸುವ ಲೆಕ್ಕವಲ್ಲ. ಆದರೆ ಮಾರುವವನ ಪುಸ್ತಕದಲ್ಲಿ ಅದೇ ಹತ್ತು ರೂಪಾಯಿ ಬೇರೆಯೇ ರೂಪವನ್ನು ತಾಳುತ್ತದೆ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಯನ್ನು ಮಕ್ಕಳಿಗೆ ಉಳಿತಾಯದ ಪಾಠವಾಗಿ ಹೇಳಿಕೊಡುವುದುಂಟು. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಆಚರಿಸುವವರಲ್ಲಿ ವಂಚಕ ವ್ಯಾಪಾರಿಯೂ ಒಬ್ಬ. ಒಬ್ಬನ ಕಿಸೆಯಿಂದ ಲಕ್ಷ ರೂಪಾಯಿ ಕದ್ದವನ ಹಿಂದೆ ಪೋಲೀಸಿನವರು ಓಡುತ್ತಾರೆ. ಲಕ್ಷ ಜನರ ಕಿಸೆಯಿಂದ ಒಂದೊಂದು ರೂಪಾಯಿ ತೆಗೆದವನಿಗೆ ಆ ಭಯವಿಲ್ಲ. ಏಕೆಂದರೆ ಲಕ್ಷ ಮನೆಗಳಲ್ಲಿಯೂ ‘ಹೋಗಲಿ ಬಿಡಿ’ ಎಂದಿರುತ್ತಾರೆ.

ಹಾಗೆ ಬಿಡದೆ ಹೋದವರೊಬ್ಬರ ಪ್ರಸಂಗ 2023ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಚೆನ್ನೈಯ ನಿವಾಸಿಯೊಬ್ಬರು 2021ರ ಡಿಸೆಂಬರಿನಲ್ಲಿ ಬೀದಿಯ ಪ್ರಾಣಿಗಳಿಗೆ ಹಾಕುವುದಕ್ಕೆಂದು ಹೆಸರಾಂತ ಕಂಪೆನಿಯೊಂದರ ಬಿಸ್ಕತ್ತಿನ ಪೊಟ್ಟಣವನ್ನು ಕೊಂಡರು. ಹೊದಿಕೆಯ ಮೇಲೆ 16 ಬಿಸ್ಕತ್ತುಗಳೆಂದು ಅಚ್ಚಾಗಿತ್ತು, ಒಳಗಿದ್ದದ್ದು 15. ಬೀದಿನಾಯಿಗಳು ಎಣಿಸಿ ತಿನ್ನುವುದಿಲ್ಲವಾದ್ದರಿಂದ ವಿಷಯ ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಆತ ಎಣಿಸಿದರು. ಒಂದು ಬಿಸ್ಕತ್ತಿನ ಬೆಲೆ 75 ಪೈಸೆ ಎಂದು ಲೆಕ್ಕ ಹಾಕಿದರು. ಕಂಪೆನಿ ದಿನಕ್ಕೆ ತಯಾರಿಸುವ ಪೊಟ್ಟಣಗಳಿಗೆ ಇದನ್ನು ಅನ್ವಯಿಸಿದರೆ ಜನರಿಗಾಗುವ ವಂಚನೆ ದಿನವೊಂದಕ್ಕೆ 29 ಲಕ್ಷ ರೂಪಾಯಿಯನ್ನೂ ಮೀರುತ್ತದೆಂದು ತಿರುವಳ್ಳೂರು ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರಿತ್ತರು. ನೂರು ಕೋಟಿ ರೂಪಾಯಿ ದಂಡ ಹಾಕಬೇಕೆಂದು ಅವರ ಬೇಡಿಕೆ.

ಕಂಪೆನಿಯ ವಕೀಲರು ಕೊಟ್ಟ ಉತ್ತರ ಸ್ವಾರಸ್ಯವಾದುದು. ಬಿಸ್ಕತ್ತನ್ನು ಮಾರುವುದು ತೂಕದ ಮೇಲೆ, ಎಣಿಕೆಯ ಮೇಲಲ್ಲವೆಂದು ಅವರ ವಾದ. ಹೊದಿಕೆಯ ಮೇಲೆ ನಮೂದಿಸಿದ ನಿವ್ವಳ ತೂಕ 76 ಗ್ರಾಮು. ಸರಿಯೆಂದು ಆಯೋಗ ತೂಗಿಸಿ ನೋಡಿದರೆ ತೂಕವೂ 74 ಗ್ರಾಮು! ಪೊಟ್ಟಣವೊಂದಕ್ಕೆ 4.5 ಗ್ರಾಮಿನವರೆಗೆ ವ್ಯತ್ಯಾಸವನ್ನು ನಿಯಮಗಳೇ ಮನ್ನಿಸುತ್ತವೆಂದು ವಕೀಲರು ಮತ್ತೆ ಹೂಡಿದ ವಾದವನ್ನು ಆಯೋಗ ಒಪ್ಪಲಿಲ್ಲ. ಕಾಲಕ್ರಮದಲ್ಲಿ ಆವಿಯಾಗಿ ತೂಕ ಕಳೆದುಕೊಳ್ಳುವ ಪದಾರ್ಥಗಳಿಗೆ ಆ ರಿಯಾಯಿತಿ ಸಲ್ಲುವುದೇ ಹೊರತು, ಬಿಸ್ಕತ್ತು ಆವಿಯಾಗುವ ವಸ್ತುವಲ್ಲವೆಂದು ಅದರ ಅಭಿಪ್ರಾಯ. ಒಂದು ಲಕ್ಷ ರೂಪಾಯಿ ಪರಿಹಾರ, 10,000 ರೂಪಾಯಿ ವ್ಯಾಜ್ಯದ ಖರ್ಚು, ಆ ತಂಡದ ಪೊಟ್ಟಣಗಳ ಮಾರಾಟಕ್ಕೆ ನಿಲುಗಡೆ, ಇದು ಆದೇಶ. 75 ಪೈಸೆಯ ಬಿಸ್ಕತ್ತಿಗೆ ಒಂದು ಲಕ್ಷವೆಂದರೆ ದೂರುದಾರರಿಗೆ ಲಾಟರಿ ಹೊಡೆದಂತೆಯೇ ಸರಿ ಎಂದು ಹಲವರು ನಕ್ಕರು. ಆದರೆ ದೂರಿನಲ್ಲಿ ಹೇಳಿದ 29 ಲಕ್ಷದ ಲೆಕ್ಕವನ್ನೇ ನಿಜವೆಂದು ಹಿಡಿದರೆ, ಒಂದು ಲಕ್ಷವೆನ್ನುವುದು ಒಂದೇ ದಿನದ ಗಳಿಕೆಯಲ್ಲಿ ಒಂದು ಗಂಟೆಯ ಪಾಲೂ ಆಗುವುದಿಲ್ಲ. ನಗುವವರು ಈ ಕಡೆಗೆ ತಿರುಗಲಿಲ್ಲ.

ಪರಿಹಾರ ಬೇರೆ, ದಂಡ ಬೇರೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಪರಿಹಾರವು ನೊಂದವನಿಗೆ ಸೇರತಕ್ಕದ್ದು. ಅವನಿಗಾದ ನಷ್ಟವೇ ಅದರ ಅಳತೆ. ದಂಡವು ತಪ್ಪು ಮಾಡಿದವನಿಂದ ಸಮಾಜವು ವಸೂಲು ಮಾಡುವುದು. ಮುಂದೆ ಅವನೂ ಅವನನ್ನು ಕಂಡ ಇತರರೂ ಅದೇ ಹಾದಿಯನ್ನು ಹಿಡಿಯದಂತೆ ತಡೆಯುವುದು ಅದರ ಉದ್ದೇಶ. ಬರಿಯ ಪರಿಹಾರದಿಂದ ವಂಚನೆ ನಿಲ್ಲದೆಂಬುದಕ್ಕೆ ಕಾನೂನಿನ ವಿದ್ಯಾರ್ಥಿಗಳೆಲ್ಲರೂ ಓದುವ ಲಂಡನ್ನಿನ ಮೊಕದ್ದಮೆಯೇ ಸಾಕ್ಷಿ. 1891ರಲ್ಲಿ ಅಲ್ಲಿನ ಕಂಪೆನಿಯೊಂದು ರಬ್ಬರಿನ ಚೆಂಡಿನಲ್ಲಿ ಕಾರ್ಬಾಲಿಕ್ ಪುಡಿಯನ್ನು ತುಂಬಿ, ಇದರ ಹೊಗೆಯನ್ನು ದಿನಕ್ಕೆ ಮೂರಾವರ್ತಿಯಂತೆ ಎರಡು ವಾರ ಮೂಗಿಗೆಳೆದವರಿಗೆ ಇನ್‌ಫ್ಲುಯೆಂಜಾ ಬಾರದೆಂದೂ, ಬಂದರೆ 100 ಪೌಂಡು ಕೊಡುವೆವೆಂದೂ ಜಾಹೀರಾತಿತ್ತಿತು. ಮಾತಿನಲ್ಲಿ ನಂಬಿಕೆ ಹುಟ್ಟಲೆಂದು 1,000 ಪೌಂಡನ್ನು ಬ್ಯಾಂಕಿನಲ್ಲಿಟ್ಟಿರುವುದಾಗಿಯೂ ಸೇರಿಸಿತ್ತು. ಕಾರ್ಲಿಲ್ ಎಂಬಾಕೆ ಹೇಳಿದಂತೆಯೇ ಸೇದಿದಳು. ಜ್ವರವೂ ಹೇಳಿದಂತೆ ಕೇಳದೆ ಬಂದಿತು. ಜಾಹೀರಾತಿನ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬಾರದೆಂದು ಕಂಪೆನಿ ನ್ಯಾಯಸ್ಥಾನದಲ್ಲಿ ನಾಚಿಕೆಯಿಲ್ಲದೆ ವಾದಿಸಿತು. 1892ರ ಡಿಸೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಧೀಶರು ಅದನ್ನು ತಳ್ಳಿಹಾಕಿ ಆಕೆಗೆ 100 ಪೌಂಡು ಕೊಡಿಸಿದರು. ಇಲ್ಲಿಗೆ ಪಾಠಪುಸ್ತಕದ ಕಥೆ ಮುಗಿಯುತ್ತದೆ. ಆದರೆ ಮರುವರ್ಷ ಹೊಗೆಯ ಚೆಂಡಿನ ಹೊಸ ಜಾಹೀರಾತು ಹೊರಬಿದ್ದಿತು. ಬಹುಮಾನ 200 ಪೌಂಡಿಗೆ ಏರಿತ್ತು, ಷರತ್ತುಗಳು ಮಾತ್ರ ಮೊದಲಿಗಿಂತ ಬಿಗಿಯಾಗಿದ್ದವು. ಆಕೆ ಗೆದ್ದದ್ದನ್ನೇ ಜಾಹೀರಾತಿಗೆ ಬಂಡವಾಳ ಮಾಡಿಕೊಂಡ ವ್ಯಾಪಾರಿಗಳ ಚಾತುರ್ಯಕ್ಕೆ ಏನೆನ್ನಬೇಕು!

ದಂಡದ ಕಲ್ಪನೆ ಪಶ್ಚಿಮದಿಂದ ಬಂದ ಸರಕೆಂದು ಯಾರೂ ತಿಳಿಯಬೇಕಾಗಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದ್ದುದನ್ನು ಗುರುತಿಸಿ, 1909ರಲ್ಲಿ ಅದನ್ನು ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದಲ್ಲಿ ‘ಕಂಟಕಶೋಧನ’ವೆಂದು ಒಂದು ಅಧಿಕರಣವಿದೆ; ಸಮಾಜಕ್ಕೆ ಚುಚ್ಚಿದ ಮುಳ್ಳುಗಳನ್ನು ತೆಗೆಯುವ ವಿಧಾನ ಅದರ ವಿಷಯ. ಕಳ್ಳರಿಗಿಂತಲೂ ಮೊದಲಾಗಿ ಅಲ್ಲಿ ಬರುವವರು ಕುಶಲಕರ್ಮಿಗಳು ಮತ್ತು ವರ್ತಕರು! ತಕ್ಕಡಿಯಲ್ಲಿ ಎಷ್ಟು ಕಡಿಮೆಯಾದರೆ ಮನ್ನಿಸಬಹುದು, ಎಷ್ಟನ್ನು ಮೀರಿದರೆ ಎಷ್ಟು ಪಣ ದಂಡ ಎಂಬುದನ್ನೆಲ್ಲ ಕೌಟಿಲ್ಯ ಬರೆದಿಟ್ಟಿದ್ದಾನೆ. ಬಿಸ್ಕತ್ತಿನ ವಕೀಲರು ಕೇಳಿದ 4.5 ಗ್ರಾಮಿನ ರಿಯಾಯಿತಿಗೂ ಅಲ್ಲಿ ಪೂರ್ವಜರುಂಟು. ಮರ, ಲೋಹ, ರತ್ನ, ಹಗ್ಗ, ತೊಗಲು, ನೂಲು, ಉಣ್ಣೆ ಮುಂತಾದವುಗಳಲ್ಲಿ ಕೀಳು ಜಾತಿಯದನ್ನು ಮೇಲುಜಾತಿಯದೆಂದು ಹೇಳಿ ಮಾರಿದವನಿಗೆ ಆತ ವಿಧಿಸುವುದು ಆ ವಸ್ತುವಿನ ಬೆಲೆಯ ಎಂಟರಷ್ಟು ದಂಡ. ಇಷ್ಟು ಪಣವೆಂದು ಗೊತ್ತುಮಾಡಿ ಬಿಡದೆ ಬೆಲೆಯ ಎಂಟರಷ್ಟೆಂದ ಜಾಣ್ಮೆಯನ್ನು ಗಮನಿಸಬೇಕು. ಚಿಕ್ಕ ಮೋಸಕ್ಕೆ ಚಿಕ್ಕ ದಂಡ, ದೊಡ್ಡ ಮೋಸಕ್ಕೆ ದೊಡ್ಡ ದಂಡ. ಮೋಸ ಬೆಳೆದಂತೆ ದಂಡವೂ ಬೆಳೆಯುತ್ತದೆ. ಲಾಭದಲ್ಲಿ ಮೋಸ ಮಾಡುವ ದಾರಿಯೇ ಉಳಿಯುವುದಿಲ್ಲ.

ಸ್ವತಂತ್ರ ಭಾರತದ ಶಾಸನಗಳು ಈ ಮಾತಿಗೆ ಬಂದು ಮುಟ್ಟಲು ತಡವಾಯಿತು. ಏಕಸ್ವಾಮ್ಯವನ್ನು ತಡೆಯುವ ಕಾಯಿದೆಗೆ 1984ರಲ್ಲಿ ತಿದ್ದುಪಡಿ ತಂದು ಅನುಚಿತ ವ್ಯಾಪಾರಪದ್ಧತಿಗಳನ್ನು ಅದರೊಳಕ್ಕೆ ಸೇರಿಸಿದಾಗ, ಆಯೋಗದ ಮುಖ್ಯ ಆಯುಧವೆಂದರೆ ‘ಇನ್ನು ಮುಂದೆ ಹೀಗೆ ಮಾಡಕೂಡದು’ ಎಂಬ ಆಜ್ಞೆ. 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಗ್ರಾಹಕ ಸಂರಕ್ಷಣಾ ಕಾಯಿದೆ ಜಿಲ್ಲೆಜಿಲ್ಲೆಗಳಿಗೂ ವೇದಿಕೆಗಳನ್ನು ತಂದು, ಕೊಂಡವನಿಗೆ ಪರಿಹಾರದ ಬಾಗಿಲನ್ನು ತೆರೆಯಿತು. ಅದೊಂದು ದೊಡ್ಡ ಉಪಕಾರ. ಆದರೆ ಬಾಗಿಲು ತಟ್ಟಲು ಯಾರಾದರೊಬ್ಬರು ಏಳಬೇಕಲ್ಲ! ಯಾರೂ ಏಳದಿದ್ದರೆ ವಂಚಕನು ನೆಮ್ಮದಿಯಾಗಿರಬಹುದಾಗಿತ್ತು. 2019ರ ಹೊಸ ಕಾಯಿದೆ ಈ ಕೊರತೆಯನ್ನು ತುಂಬಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೆಂಬುದನ್ನು ನಿರ್ಮಿಸಿತು. 2020ರ ಜುಲೈ ತಿಂಗಳಿನಲ್ಲಿ ಅಸ್ತಿತ್ವಕ್ಕೆ ಬಂದ ಈ ಪ್ರಾಧಿಕಾರಕ್ಕೆ ಯಾರ ದೂರಿಗೂ ಕಾಯಬೇಕಾದ ಅಗತ್ಯವಿಲ್ಲ. ತಾನಾಗಿಯೇ ವಿಚಾರಣೆ ನಡೆಸಬಹುದು; ಸರಕನ್ನು ಹಿಂದಕ್ಕೆ ತರಿಸಬಹುದು, ಹಣವನ್ನು ಮರಳಿಸುವಂತೆ ಹೇಳಬಹುದು, ಸುಳ್ಳು ಜಾಹೀರಾತನ್ನು ನಿಲ್ಲಿಸಬಹುದು, ದಂಡವನ್ನೂ ವಿಧಿಸಬಹುದು. ಜಾಹೀರಾತಿನಲ್ಲಿ ನಗುನಗುತ್ತಾ ಶಿಫಾರಸು ಮಾಡುವ ಸಿನಿಮಾ ತಾರೆಯರೂ ಕ್ರೀಡಾಪಟುಗಳೂ ಇದಕ್ಕೆ ಹೊರತಲ್ಲ. ಹೇಳುವ ಮಾತಿನ ನಿಜವನ್ನು ಎಚ್ಚರಿಕೆಯಿಂದ ವಿಚಾರಿಸದೆ ಹೇಳಿದವರಿಗೆ ದಂಡದ ಜೊತೆಗೆ ಒಂದು ವರ್ಷದವರೆಗೆ, ಮತ್ತೆ ತಪ್ಪಿದರೆ ಮೂರು ವರ್ಷಗಳವರೆಗೆ, ಯಾವ ವಸ್ತುವನ್ನೂ ಶಿಫಾರಸು ಮಾಡದಂತೆ ನಿಷೇಧ ಹಾಕಬಹುದು.

ಇಷ್ಟೆಲ್ಲ ಅಧಿಕಾರವನ್ನು ಕೊಟ್ಟ ಶಾಸನಕರ್ತರು ದಂಡದ ತಲೆಗೆ ಮಾತ್ರ ಒಂದು ತೊಲೆಯನ್ನು ಅಡ್ಡ ಹಾಕಿದರು. ಮೊದಲ ಸಲದ ಸುಳ್ಳು ಜಾಹೀರಾತಿಗೆ ದಂಡ ಹೆಚ್ಚೆಂದರೆ 10 ಲಕ್ಷ ರೂಪಾಯಿ. ಮುಂದಿನ ಸಲಗಳಿಗೆ 50 ಲಕ್ಷ. 2022ರ ಮಾರ್ಚಿನಲ್ಲಿ, ಜಗತ್ತಿನ ದಂತವೈದ್ಯರೆಲ್ಲರೂ ಮೆಚ್ಚಿದ್ದೆಂದು ಹೇಳಿಕೊಂಡ ಹಲ್ಲುಜ್ಜುವ ಪೇಸ್ಟೊಂದಕ್ಕೆ ಬಿದ್ದದ್ದು ಈ 10 ಲಕ್ಷವೇ. 2025ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ದೇಶದ ತುಂಬ ಹರಡಿದ ಬಾಡಿಗೆ ವಾಹನದ ಕಂಪೆನಿಯೊಂದಕ್ಕೆ ಬಿದ್ದದ್ದೂ ಅಷ್ಟೇ. ಐದು ನಿಮಿಷದೊಳಗೆ ಆಟೋ ಬಾರದಿದ್ದರೆ 50 ರೂಪಾಯಿ ಕೊಡುವೆವೆಂದು ಅದರ ಜಾಹೀರಾತು ಸಾರುತ್ತಿತ್ತು. 50 ರೂಪಾಯಿ ಎಂದರೆ 50 ರೂಪಾಯಿಯೇ ಎಂದು ನಂಬಿದವರ ಪಾಡನ್ನು ನೋಡಿ: ಸಿಗುತ್ತಿದ್ದದ್ದು ‘50ರವರೆಗೆ’, ಅದೂ ನಗದಲ್ಲ, ಕಂಪೆನಿಯ ಸ್ವಂತ ಟಂಕಶಾಲೆಯ ‘ನಾಣ್ಯ’ಗಳು, ಆ ನಾಣ್ಯಗಳು ನಡೆಯುತ್ತಿದ್ದದ್ದು ಬೈಕಿನ ಸವಾರಿಗೆ ಮಾತ್ರ, ಅದೂ ಏಳು ದಿನಗಳೊಳಗೆ. ಮೈಸೂರು ಅರಸರ ಕಾಲದಲ್ಲಿ ಸ್ವಂತ ನಾಣ್ಯ ಹೊಡೆಸಲು ರಾಜ್ಯವಾದರೂ ಇರಬೇಕಾಗಿತ್ತು. ಈ ಜಾಹೀರಾತು 120ಕ್ಕೂ ಹೆಚ್ಚು ಊರುಗಳಲ್ಲಿ 548 ದಿನ ನಡೆದಿತ್ತೆಂದು ಪ್ರಾಧಿಕಾರ ಕಂಡುಕೊಂಡಿತು. ಮಾತು ಕೊಟ್ಟ 50 ರೂಪಾಯಿಯನ್ನು ಪಡೆಯದವರಿಗೆಲ್ಲ ಪೂರ್ತಿಯಾಗಿ ಕೊಡಬೇಕೆಂದೂ ಆಜ್ಞೆಯಾಯಿತು. ಇದು ದಂಡಕ್ಕಿಂತ ಹೆಚ್ಚು ಬೆಲೆಯುಳ್ಳ ಭಾಗ. 10 ಲಕ್ಷವನ್ನು 548 ದಿನಗಳಿಗೆ ಹಂಚಿದರೆ ದಿನಕ್ಕೆ 2,000 ರೂಪಾಯಿಯೂ ಬೀಳುವುದಿಲ್ಲ. ದೊಡ್ಡ ಪಟ್ಟಣದಲ್ಲಿ ರಸ್ತೆಯ ಬದಿಗೆ ಒಂದು ಫಲಕ ನಿಲ್ಲಿಸುವುದಕ್ಕಾದರೂ ಅಷ್ಟು ಸಾಕೇ?

ಪ್ರೆಷರ್ ಕುಕ್ಕರುಗಳ ಪ್ರಕರಣದಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟವಾಗಿ ಹೊರಬೀಳುತ್ತದೆ. ಕುಕ್ಕರಿನ ವಿಷಯದಲ್ಲಿ ಮೋಸವಾದರೆ ಅದು ಹತ್ತು ರೂಪಾಯಿಯ ಮಾತಾಗಿ ಉಳಿಯುವುದಿಲ್ಲ. ಒಲೆಯ ಮುಂದೆ ಪ್ರತಿದಿನ ಎರಡು ಹೊತ್ತು ನಿಲ್ಲುವ ಹೆಂಗಸಿನ ಮುಖ, ಕೈ, ಕಣ್ಣುಗಳ ಮಾತು ಅದು. ಆದ್ದರಿಂದಲೇ ಮನೆಬಳಕೆಯ ಕುಕ್ಕರುಗಳಿಗೆಲ್ಲ ಐ.ಎಸ್.ಐ. ಗುರುತು ಇರಲೇಬೇಕೆಂದು ಸರಕಾರ ಹೊರಡಿಸಿದ ಆಜ್ಞೆ 2021ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ಆಮೇಲೆಯೂ ಮನೆಬಾಗಿಲಿಗೆ ಸರಕು ತಲುಪಿಸುವ ಒಂದು ಭಾರಿ ಆನ್‌ಲೈನ್ ಮಳಿಗೆಯ ಮೂಲಕ ಆ ಪ್ರಮಾಣಕ್ಕೆ ಹೊಂದದ 2,265 ಕುಕ್ಕರುಗಳು ಮಾರಾಟವಾದವು. 2022ರ ಆಗಸ್ಟಿನಲ್ಲಿ ಪ್ರಾಧಿಕಾರ ಆ ಮಳಿಗೆಗೆ ಒಂದು ಲಕ್ಷ ರೂಪಾಯಿ ದಂಡ ಹಾಕಿ, ಕೊಂಡವರಿಗೆಲ್ಲ ತಿಳಿಸಿ ಕುಕ್ಕರುಗಳನ್ನು ಹಿಂದಕ್ಕೆ ಪಡೆದು ಹಣವನ್ನು ಮರಳಿಸಬೇಕೆಂದಿತು. ಆ ಮಾರಾಟದಿಂದ ಮಳಿಗೆಗೆ ಶುಲ್ಕದ ರೂಪದಲ್ಲಿ ಬಂದಿದ್ದ ಹಣವೆಷ್ಟೆಂಬುದನ್ನೂ ಪ್ರಾಧಿಕಾರವೇ ದಾಖಲಿಸಿತ್ತು: 6,14,825 ರೂಪಾಯಿ. ಗಳಿಕೆ ಆರು ಲಕ್ಷ, ದಂಡ ಒಂದು ಲಕ್ಷ! ಕೌಟಿಲ್ಯನ ಎಂಟರಷ್ಟನ್ನು ತಿರುವುಮುರುವು ಮಾಡಿದಂತೆ ತೋರುವ ಈ ಲೆಕ್ಕವನ್ನೂ ಒಪ್ಪದೆ ಕಂಪೆನಿ ದೆಹಲಿಯ ಹೈಕೋರ್ಟಿಗೆ ಹೋಯಿತು. ಒಂದು ಲಕ್ಷ ರೂಪಾಯಿಯು ಅಂಥ ಮಳಿಗೆಗೆ ಎಷ್ಟರ ಭಾರವೆಂದು ಕೇಳಿದರೆ, ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯೇ ಉತ್ತರ. ಹಾಗಿದ್ದರೂ ಹೋರಾಡಿದ್ದು, ಹೆಸರಿಗೆ ತಗಲುವ ಕಳಂಕಕ್ಕೂ ಮುಂದೆ ಬೀಳಬಹುದಾದ ಹೊಣೆಗೂ ಹೆದರಿಯೇ ಇರಬೇಕು. ದಂಡದ ಮೊತ್ತಕ್ಕಿಂತಲೂ ದಂಡಿತನೆಂಬ ಹೆಸರು ಚುಚ್ಚುತ್ತದೆಂಬುದು ಸಣ್ಣ ಸಮಾಧಾನ.

ಆಸ್ಟ್ರೇಲಿಯಾದಲ್ಲಿ ಇದೇ ಪ್ರಶ್ನೆ ನೋವಿನ ಗುಳಿಗೆಯ ರೂಪದಲ್ಲಿ ಬಂದಿತು. ಹೆಸರುವಾಸಿಯಾದ ಔಷಧದ ಕಂಪೆನಿಯೊಂದು 2011ರಿಂದ 2015ರವರೆಗೆ ನಾಲ್ಕು ಬಗೆಯ ಪೆಟ್ಟಿಗೆಗಳಲ್ಲಿ ಗುಳಿಗೆಗಳನ್ನು ಮಾರಿತು: ಬೆನ್ನುನೋವಿಗೆ ಒಂದು, ಮುಟ್ಟಿನ ನೋವಿಗೆ ಒಂದು, ಅರೆತಲೆನೋವಿಗೆ ಒಂದು, ಆಯಾಸದ ತಲೆನೋವಿಗೆ ಇನ್ನೊಂದು. ಪೆಟ್ಟಿಗೆಯ ಬಣ್ಣ ಬೇರೆ, ಹೆಸರು ಬೇರೆ. ಒಳಗಿದ್ದದ್ದು ಮಾತ್ರ ಒಂದೇ, 342 ಮಿಲಿಗ್ರಾಮಿನ ಐಬುಪ್ರೊಫೆನ್ ಲೈಸೀನ್. ಗುಳಿಗೆ ನುಂಗಿದ ಮೇಲೆ ಅದಕ್ಕೆ ಬೆನ್ನು ಯಾವುದು, ತಲೆ ಯಾವುದು ಎಂಬ ವಿವೇಚನೆಯಿಲ್ಲ. ಆದರೆ ಅಂಗಡಿಯಲ್ಲಿ ಅದರ ಬೆಲೆ ಅದೇ ಕಂಪೆನಿಯ ಸಾಮಾನ್ಯ ಗುಳಿಗೆಯ ಸುಮಾರು ಇಮ್ಮಡಿ. ಮನೆಯಲ್ಲಿ ಒಬ್ಬರಿಗೆ ಬೆನ್ನುನೋವು, ಇನ್ನೊಬ್ಬರಿಗೆ ತಲೆನೋವು ಇದ್ದರೆ ಪಾಪ, ಎರಡು ಪೆಟ್ಟಿಗೆಗಳನ್ನು ಕೊಳ್ಳಬೇಕು! ಸುಮಾರು 59 ಲಕ್ಷ ಪೆಟ್ಟಿಗೆಗಳು ಹೀಗೆ ಖರ್ಚಾದವು. ಅಲ್ಲಿನ ಗ್ರಾಹಕ ಆಯೋಗ ಕಂಪೆನಿಯನ್ನು ಕೋರ್ಟಿಗೆಳೆಯಿತು. 2016ರ ಏಪ್ರಿಲಿನಲ್ಲಿ ಬಿದ್ದ ದಂಡ 17 ಲಕ್ಷ ಡಾಲರು. ಇದು ಸಾಲದೆಂದು ಆಯೋಗ ಮೇಲ್ಮನವಿ ಹೂಡಿದ ಮೇಲೆ ಅದೇ ವರ್ಷದ ಡಿಸೆಂಬರಿನಲ್ಲಿ ಪೂರ್ಣಪೀಠ ಅದನ್ನು 60 ಲಕ್ಷ ಡಾಲರಿಗೆ ಏರಿಸಿತು. ದಂಡವನ್ನು ಕಂಪೆನಿಗಳು ವ್ಯಾಪಾರದ ಖರ್ಚುಗಳಲ್ಲಿ ಒಂದೆಂದು ಬರೆದುಕೊಳ್ಳುವಂತಾಗಬಾರದೆಂಬುದು ಆ ತೀರ್ಪಿನ ತಿರುಳು. ಅಂಗಡಿಯ ಬಾಡಿಗೆ ಇಷ್ಟು, ವಿದ್ಯುತ್ತಿಗೆ ಇಷ್ಟು, ಜನರಿಗೆ ಸುಳ್ಳು ಹೇಳಿದ್ದಕ್ಕೆ ಇಷ್ಟು ಎಂದು ಬರೆಯುವ ಸ್ಥಿತಿ ಬಂದರೆ ದಂಡವು ದಂಡವಾಗಿ ಉಳಿಯದೆ ಪರವಾನಗಿಯ ಶುಲ್ಕವಾಗುತ್ತದೆ.

ಆ ದೇಶ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಗುಳಿಗೆಯ ಕಾಲಕ್ಕೆ ಒಂದೊಂದು ತಪ್ಪಿಗೆ 11 ಲಕ್ಷ ಡಾಲರಿದ್ದ ಮೇಲ್ಮಿತಿಯನ್ನು 2018ರಲ್ಲಿ ಒಂದು ಕೋಟಿಗೆ, 2022ರ ನವೆಂಬರಿನಲ್ಲಿ ಐದು ಕೋಟಿಗೆ ಏರಿಸಿದರು. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು: ಮೋಸದಿಂದ ಪಡೆದ ಲಾಭದ ಮೂರರಷ್ಟು ಅದಕ್ಕಿಂತ ಹೆಚ್ಚಾದರೆ ಅದೇ ಮಿತಿ, ಲಾಭವೆಷ್ಟೆಂದು ಗೊತ್ತುಮಾಡಲಾಗದಿದ್ದರೆ ಆ ಅವಧಿಯ ವಹಿವಾಟಿನ ನೂರಕ್ಕೆ 30ರಷ್ಟು. ಎಂಟರಷ್ಟಲ್ಲದಿದ್ದರೂ ಮೂರರಷ್ಟು! ತಾಳೆಗರಿಯಲ್ಲಿದ್ದ ಸೂತ್ರಕ್ಕೆ ಪರದೇಶದ ಶಾಸನಸಭೆ ತನ್ನದೇ ದಾರಿಯಿಂದ ಬಂದು ಸೇರಿದೆ. ಆ ಗ್ರಂಥವನ್ನು ಜಗತ್ತಿಗೆ ಕೊಟ್ಟ ನಾಡಿನಲ್ಲಿ ಮಾತ್ರ 2019ರ ಕಾಯಿದೆ ಹತ್ತು ಲಕ್ಷದ ಕಂಬಕ್ಕೇ ಕಟ್ಟಿಹಾಕಿಕೊಂಡಿತು.

ದೊಡ್ಡ ದಂಡವೆಂದರೆ ಬೆಚ್ಚುವವರ ಮಾತನ್ನೂ ಕೇಳಬೇಕಾದದ್ದು ನ್ಯಾಯ. ಬೀದಿಯ ತಿರುವಿನಲ್ಲಿ ಚಿಕ್ಕ ಅಂಗಡಿಯಿಟ್ಟ ಶೆಟ್ಟರಿಗೆ 10 ಲಕ್ಷವೆಂದರೆ ಅಂಗಡಿ, ಮನೆ, ಮಗಳ ಮದುವೆಗೆ ಕೂಡಿಟ್ಟದ್ದು ಎಲ್ಲವೂ ಸೇರಿದರೂ ಸಾಲದು. ಸಾಲ ಕೊಟ್ಟು, ಹಬ್ಬದ ದಿನ ಬಾಗಿಲು ತೆರೆದು, ಮಕ್ಕಳ ಕೈಗೆ ಬೆಲ್ಲದ ಚೂರಿಡುವ ಆ ಮನುಷ್ಯನನ್ನೂ ಸಾವಿರಾರು ಕೋಟಿಯ ಕಂಪೆನಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಅದೇ ಒಂದು ಅನ್ಯಾಯವಾದೀತು. ಕಾಯಿದೆ ಇದನ್ನು ಮರೆತಿಲ್ಲ. ದಂಡವನ್ನು ನಿರ್ಣಯಿಸುವಾಗ ಎಷ್ಟು ಜನ, ಎಷ್ಟು ಪ್ರದೇಶ ತೊಂದರೆಗೊಳಗಾಯಿತು, ತಪ್ಪು ಎಷ್ಟು ಸಲ, ಎಷ್ಟು ಕಾಲ ನಡೆಯಿತು, ನೊಂದವರು ಎಂಥ ದುರ್ಬಲರು, ಆ ಮಾರಾಟದಿಂದ ಬಂದ ಒಟ್ಟು ಹಣವೆಷ್ಟು ಎಂಬುದನ್ನೆಲ್ಲ ನೋಡಬೇಕೆಂದು 21ನೆಯ ಕಲಮು ಹೇಳುತ್ತದೆ. ಕೆಳಗಿನವರಿಗೆ ತಗ್ಗಿಸಲು ಇದರಿಂದ ಅವಕಾಶವುಂಟು. ಮೇಲಿನವರಿಗೆ ಏರಿಸಲು ತೊಲೆ ಅಡ್ಡವಾಗಿದೆ. ಶೆಟ್ಟರನ್ನು ಮುಂದೆ ನಿಲ್ಲಿಸಿಕೊಂಡು ಅವರ ಬೆನ್ನ ಹಿಂದೆ ಅಡಗುವುದು ದೊಡ್ಡ ಕಂಪೆನಿಗಳ ಹಳೆಯ ಅಭ್ಯಾಸ.

ದಂಡ ಹಾಕುವ ಅಧಿಕಾರ ಯಾರದ್ದೆಂಬ ವಿಷಯದಲ್ಲಿಯೂ ಗೊಂದಲವಿಲ್ಲದಿಲ್ಲ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗದ ತೀರ್ಪೊಂದು ಮನೆಮನೆಗಳಲ್ಲಿ ಚರ್ಚೆಗೆ ಬಂದಿತ್ತು. ಸಿನಿಮಾ ಆರಂಭವಾಗುವ ವೇಳೆಯೆಂದು ಟಿಕೆಟ್ಟಿನಲ್ಲಿ ಮುದ್ರಿಸಿ, ಆ ವೇಳೆಗೆ ಬಂದು ಕುಳಿತವನಿಗೆ 25 ನಿಮಿಷ ಬರಿಯ ಜಾಹೀರಾತುಗಳನ್ನೇ ತೋರಿಸಿದ ಚಿತ್ರಮಂದಿರದ ಮೇಲೆ ದೂರು. ಪ್ರೇಕ್ಷಕನಿಗೆ 20,000 ರೂಪಾಯಿ ಪರಿಹಾರ, 8,000 ರೂಪಾಯಿ ಖರ್ಚು ಕೊಡಬೇಕೆಂದದ್ದಲ್ಲದೆ ಗ್ರಾಹಕ ಕಲ್ಯಾಣ ನಿಧಿಗೆ ಒಂದು ಲಕ್ಷ ರೂಪಾಯಿ ಕಟ್ಟಬೇಕೆಂದೂ, ಟಿಕೆಟ್ಟಿನಲ್ಲಿ ಚಿತ್ರ ನಿಜವಾಗಿ ಆರಂಭವಾಗುವ ವೇಳೆಯನ್ನೇ ಹಾಕಬೇಕೆಂದೂ ಆಯೋಗ ವಿಧಿಸಿತು. ಹೊತ್ತೆಂಬುದೂ ಹಣವೇ ಎಂದು ಒಪ್ಪಿಕೊಂಡ ತೀರ್ಪೆಂದು ಜನ ಸಂತೋಷಪಟ್ಟರು. ಮುಂದಿನ ತಿಂಗಳೇ ಕರ್ನಾಟಕದ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಒಬ್ಬನ ದೂರನ್ನು ಕೇಳಲು ಕುಳಿತ ಆಯೋಗ ಸಾರ್ವಜನಿಕ ಹಿತದ ಮೊಕದ್ದಮೆಯನ್ನು ನಡೆಸಿದಂತೆ ವರ್ತಿಸಿತೆಂಬುದು ಕಾರಣ. ಒಬ್ಬನ ನಷ್ಟವನ್ನು ನೋಡುವವರು ಬೇರೆ, ಎಲ್ಲರ ಪರವಾಗಿ ದಂಡಿಸುವವರು ಬೇರೆ ಎಂಬ ಗೆರೆಯನ್ನು ಇಲ್ಲಿ ಕಾಣಬಹುದು. ಆದರೂ ಆ ಗೆರೆ ಪೂರ್ತಿ ಬಿಗಿಯಾದುದಲ್ಲ. ವಂಚಿತರ ಸಂಖ್ಯೆ ದೊಡ್ಡದಾಗಿದ್ದು ಅವರನ್ನು ಸುಲಭವಾಗಿ ಗುರುತಿಸಲಾಗದಿದ್ದಾಗ, ಮಾರಿದ ದೋಷಯುಕ್ತ ಸರಕಿನ ಅಥವಾ ಸೇವೆಯ ಬೆಲೆಯಲ್ಲಿ ನೂರಕ್ಕೆ 25ಕ್ಕೆ ಕಡಿಮೆಯಾಗದಷ್ಟು ಹಣವನ್ನು ಕಟ್ಟಿಸುವ ಅಧಿಕಾರವನ್ನು 39ನೆಯ ಕಲಮು ಆಯೋಗಕ್ಕೇ ಕೊಟ್ಟಿದೆ. 1986ರ ಕಾಯಿದೆಯಡಿ ಈ ಪ್ರಮಾಣ ನೂರಕ್ಕೆ ಐದಾಗಿತ್ತು. ಇಲ್ಲಿ ತೊಲೆಯಿಲ್ಲ, ಮೋಸ ಬೆಳೆದಷ್ಟೂ ಹಣ ಬೆಳೆಯುತ್ತದೆ. ಈ ಕಲಮಿನ ಹೆಸರು ಹತ್ತು ಲಕ್ಷದ ದಂಡದಷ್ಟು ಪತ್ರಿಕೆಗಳಲ್ಲಿ ಕಾಣಿಸುವುದಿಲ್ಲ.

ಇನ್ನು ಯಜಮಾನರ ಪ್ರಶ್ನೆ ಉಳಿಯಿತು: ಹತ್ತು ರೂಪಾಯಿಗೆ ಮೆಟ್ಟಿಲು ಹತ್ತುವವರಾರು? ಕಾಯಿದೆ ಮೆಟ್ಟಿಲುಗಳನ್ನು ಸಾಕಷ್ಟು ತಗ್ಗಿಸಿರುವುದು ನಿಜ. 1915 ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರನ್ನು ಬರೆದುಕೊಳ್ಳುತ್ತದೆ; ಬಾಡಿಗೆ ಆಟೋವಿನ ಆ ಕಂಪೆನಿಯ ಮೇಲೆ 2024ರ ಜೂನಿನಿಂದ 2025ರ ಜುಲೈವರೆಗೆ ಅಲ್ಲಿ ಸೇರಿದ್ದ ದೂರುಗಳು 1,224. ಐದು ಲಕ್ಷ ರೂಪಾಯಿವರೆಗಿನ ವ್ಯಾಜ್ಯಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಕಂಪೆನಿಯ ಕಚೇರಿ ಮುಂಬಯಿಯಲ್ಲಿರಲಿ, ಕಲ್ಕತ್ತೆಯಲ್ಲಿರಲಿ, ಕೊಂಡವನು ತಾನು ವಾಸವಾಗಿರುವ ಊರಿನಲ್ಲಿಯೇ ದೂರಿಡಬಹುದೆಂದು 2019ರ ಕಾಯಿದೆ ಅನುಕೂಲ ಮಾಡಿದೆ. ರಸೀತಿಯನ್ನೂ ಹೊದಿಕೆಯನ್ನೂ ಎಸೆಯದೆ ಎತ್ತಿಟ್ಟಿರಬೇಕು, ಅಷ್ಟೆ. ಆ ಕೆಲಸದಲ್ಲಿ ಗೃಹಿಣಿಗೆ ಯಾರ ಉಪದೇಶವೂ ಬೇಡ. ಹಳೆಯ ರಸೀತಿಗಳನ್ನು ಕಾಣಬೇಕಾದರೆ ಅಡಿಗೆಮನೆಯ ಸಾಸಿವೆ ಡಬ್ಬದ ಹಿಂದೆ ನೋಡಿದರೆ ಸಾಕು.

ಕಾಯಿದೆ ತಗ್ಗಿಸಲಾರದೆ ಹೋದದ್ದು ಕಾಲವನ್ನು. 1999ರ ಡಿಸೆಂಬರಿನಲ್ಲಿ ಮಥುರೆಯ ರೈಲುನಿಲ್ದಾಣದಲ್ಲಿ ವಕೀಲರೊಬ್ಬರು ಎರಡು ಟಿಕೆಟ್ಟು ಕೊಂಡರು. ಒಂದಕ್ಕೆ 35ರಂತೆ 70 ರೂಪಾಯಿ ಆಗಬೇಕಾಗಿತ್ತು. ಗುಮಾಸ್ತ 90 ರೂಪಾಯಿ ತೆಗೆದುಕೊಂಡ. ಹೆಚ್ಚಿನ 20 ರೂಪಾಯಿಯನ್ನು ಕೇಳಿದರೆ ಕೊಡಲಿಲ್ಲ. ಮನೆಯವರೂ ಸ್ನೇಹಿತರೂ ಎಷ್ಟು ಹೇಳಿದರೂ ಅವರು ಬಿಡಲಿಲ್ಲ. ನೂರಕ್ಕೂ ಹೆಚ್ಚು ಸಲ ವಿಚಾರಣೆಗಳಾದವು, ಕೂದಲು ನೆರೆಯಿತು. 2022ರ ಆಗಸ್ಟಿನಲ್ಲಿ, ಅಂದರೆ 22 ವರ್ಷಗಳನ್ನು ಮೀರಿ, ಅವರ ಪರವಾಗಿ ತೀರ್ಪಾಯಿತು. ವ್ಯಾಜ್ಯದ ಖರ್ಚಿಗೂ ಮನೋವ್ಯಥೆಗೂ 15,000 ರೂಪಾಯಿ. 20 ರೂಪಾಯಿಗೆ 1999ರಿಂದ ನೂರಕ್ಕೆ 12ರಂತೆ ಬಡ್ಡಿ, ವರ್ಷವೊಂದಕ್ಕೆ ಎರಡು ರೂಪಾಯಿ ನಲವತ್ತು ಪೈಸೆ. 30 ದಿನಗಳೊಳಗೆ ರೈಲ್ವೆಯವರು ಕೊಡದಿದ್ದಲ್ಲಿ ಬಡ್ಡಿಯ ದರ 15ಕ್ಕೆ ಏರತಕ್ಕದ್ದೆಂದೂ ಆದೇಶದಲ್ಲಿ ಸೇರಿಸಲಾಗಿತ್ತು.